ಹಳೆಯ ನೋವಿಗೆ ಮನೆಯಲ್ಲೇ ಮಸಾಜ್: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕೈ ನಿಲ್ಲಿಸಬೇಕು

ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿ ಸೊಂಟ, ಕುತ್ತಿಗೆ, ಮಂಡಿ ನೋವು ಅಂತ ಬರುವವರಲ್ಲಿ ಹೆಚ್ಚಿನವರು ಮನೆಯಲ್ಲಿ ತಿಂಗಳುಗಟ್ಟಲೆ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡೇ ಬಂದಿರುತ್ತಾರೆ. "ತಿಕ್ಕಿದ ದಿನ ಹಗುರ ಅನ್ಸುತ್ತೆ ಮೇಡಂ, ಮರುದಿನ ಮತ್ತೆ ಅದೇ ಕಥೆ" ಅನ್ನುತ್ತಾರೆ. ಕೆಲವರಿಗೆ ನೋವು ಮೊದಲಿಗಿಂತ ಜಾಸ್ತಿಯಾಗಿರುತ್ತದೆ. ಹೇಗೆ ತಿಕ್ಕಿದರು, ಯಾರು ತಿಕ್ಕಿದರು ಅಂತ ಕೇಳುತ್ತ ಹೋದರೆ ಎಲ್ಲರ ಮನೆಯಲ್ಲೂ ಅವೇ ತಪ್ಪುಗಳು. ಮೊದಲ ನಿಮಿಷದಿಂದಲೇ ಬಲ ಹಾಕಿ ಒತ್ತುವುದು, ಬೆನ್ನುಮೂಳೆಯ ಮೇಲೇ ಹೆಬ್ಬೆರಳು ಊರುವುದು, ನೋವಿರುವ ಜಾಗವನ್ನಷ್ಟೇ ಅರ್ಧ ಗಂಟೆ ಉಜ್ಜುವುದು, ಮುಗಿದ ಕೂಡಲೇ ಹೊದ್ದು ಮಲಗಿಬಿಡುವುದು.

ಹೋದ ವರ್ಷ ಚನ್ನಗಿರಿ ಕಡೆಯಿಂದ ಅಡಿಕೆ ಸುಲಿಯುವ ಹೆಣ್ಣುಮಗಳೊಬ್ಬರು ಬಂದಿದ್ದರು. ಮೆಟ್ಟುಕತ್ತಿಯ ಮುಂದೆ ಬಗ್ಗಿ ಕೂತು ಕೂತು ಬಲ ಹೆಗಲ ರೆಕ್ಕೆ ಮೂಳೆಯ ಒಳ ಅಂಚು ಕಲ್ಲಿನಂತಾಗಿತ್ತು. ಮಗ ಪ್ರೀತಿಯಿಂದಲೇ, ಅವ್ವನ ನೋವು ಇಳಿಯಲಿ ಅಂತ, ಮೊಣಕೈ ಊರಿ ಒತ್ತಿದ್ದ. ಸೆರಗು ಸರಿಸಿದರೆ ಬೆನ್ನ ಮೇಲೆ ನಾಲ್ಕು ಕಡೆ ನೇರಳೆ ಹಣ್ಣಿನ ಬಣ್ಣದ ಕಲೆ. ಆ ಹುಡುಗನಿಗೆ ಅವತ್ತು ಕೈ ಹಿಡಿದು ತೋರಿಸಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

## ಮೊದಲು ತಿಳಿದಿರಬೇಕಾದದ್ದು: ಮಸಾಜ್ ಎಷ್ಟು ಮಾಡುತ್ತದೆ

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಇಂಥ ನೋವಿನಲ್ಲಿ ಸ್ನಾಯು ಬಿಗಿದಿರುತ್ತದೆ, ನರಮಂಡಲವೂ ಸಣ್ಣ ಸೂಚನೆಗೇ ದೊಡ್ಡದಾಗಿ ಕೂಗಿಕೊಳ್ಳುವ ಸ್ಥಿತಿಯಲ್ಲಿರುತ್ತದೆ. ಹಿತವಾದ ಸ್ಪರ್ಶ ಬೆನ್ನುಹುರಿಯ ಮಟ್ಟದಲ್ಲೇ ನೋವಿನ ಸಂದೇಶವನ್ನು ಸ್ವಲ್ಪ ತಡೆಯುತ್ತದೆ. ಎಡವಿದ ಕಾಲ್ಬೆರಳನ್ನು ತಕ್ಷಣ ಕೈಯಲ್ಲಿ ಹಿಡಿದು ನೀವಿಕೊಳ್ಳುತ್ತೇವಲ್ಲ, ಹೆಚ್ಚೂಕಡಿಮೆ ಅದೇ. ಬಿಗಿತ ಇಳಿಯುತ್ತದೆ, ಆತಂಕ ಇಳಿಯುತ್ತದೆ, ನಿದ್ದೆ ಬರುತ್ತದೆ. ಸವೆದ ಮಂಡಿಯ ಮೃದ್ವಸ್ಥಿ ಇದರಿಂದ ಮತ್ತೆ ಬೆಳೆಯುವುದಿಲ್ಲ, ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿದ್ದರೆ ಒಳಗೆ ಹೋಗುವುದಿಲ್ಲ, "ಹಿಡಿದ ನರ ಬಿಡುವುದೂ" ಇಲ್ಲ.

2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಳೆಯ ಸೊಂಟನೋವಿನ 401 ಜನರನ್ನು ಮೂರು ಗುಂಪು ಮಾಡಿದ್ದರು. ಎರಡು ಗುಂಪಿಗೆ ವಾರಕ್ಕೊಂದರಂತೆ 10 ವಾರ ಮಸಾಜ್, ಮೂರನೆಯವರಿಗೆ ಮಾಮೂಲಿ ಚಿಕಿತ್ಸೆ. ಮಸಾಜ್ ಪಡೆದವರು ಮೂರನೆಯ ಗುಂಪಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ. ಆಳದ ಅಂಗಾಂಶವನ್ನು ಹುಡುಕಿ ಒತ್ತಿದ ಗುಂಪಿಗೂ, ಬರೀ ಹಿತವಾಗಿ ಮೈ ಸಡಿಲಿಸಿದ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮೊಣಕೈ ಬಲ ಬೇಕಾಗಿಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಹಳೆಯ ಸೊಂಟನೋವಿನ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆಯ ಜೊತೆಗೆ ಮಸಾಜನ್ನೂ ಸೇರಿಸಿದೆ. ನಮ್ಮಲ್ಲಿ ಎಲ್ಲರೂ ಕೊಂಡು ತರುವ ಸೊಂಟದ ಬೆಲ್ಟ್ ಬೇಡ ಅಂದಿದೆ.

## 1ನೇ ಹಂತ: ಮುಟ್ಟಬಾರದ ನೋವನ್ನು ಗುರುತಿಸಿ

ಎಣ್ಣೆ ಕಾಯಿಸುವ ಮೊದಲು ಈ ವಿಚಾರಣೆ ಆಗಲೇಬೇಕು. ಜನ ಬಿಟ್ಟುಬಿಡುವ ಹಂತ ಇದೇ, ದೊಡ್ಡ ಅನಾಹುತ ಆಗುವುದೂ ಇಲ್ಲೇ.

ಸೊಂಟನೋವಿನ ಜೊತೆ ಮೂತ್ರ ಕಟ್ಟಿದ್ದರೆ ಅಥವಾ ತಿಳಿಯದೆ ಹೋಗುತ್ತಿದ್ದರೆ, ಮಲದ ಮೇಲೆ ಹಿಡಿತ ತಪ್ಪಿದ್ದರೆ, ತೊಡೆಸಂದಿನ ಸುತ್ತ ಜೋಮು ಹಿಡಿದಿದ್ದರೆ, ಕಾಲಲ್ಲಿ ಶಕ್ತಿ ಕಡಿಮೆಯಾಗುತ್ತಿದ್ದರೆ ಅದು ತುರ್ತು ಸ್ಥಿತಿ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎಡ ಹೆಗಲು, ತೋಳು, ದವಡೆಗೆ ಹರಡುವ ನೋವಿಗೆ ಬೆವರು, ಏದುಸಿರು ಸೇರಿಕೊಂಡರೆ "ಗ್ಯಾಸು" ಅಂತ ಬೆನ್ನು ತಿಕ್ಕುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಹೆದ್ದಾರಿಯಲ್ಲಿ ಹತ್ತು ಹನ್ನೆರಡು ತಾಸು ಕೂತೇ ಇರುವ ಲಾರಿ ಚಾಲಕರು, ಆಪರೇಷನ್ ಆಗಿ ಮಲಗಿದ್ದವರು, ಹೊಸ ಬಾಣಂತಿಯರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

ನಮ್ಮ ಸೀಮೆಗೇ ಸೇರಿದ ಎರಡು ವಿಷಯ ಹೇಳಬೇಕು. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಕುರಿ ಸಾಕುವವರು ಬಹಳ. ಬೆನ್ನುನೋವಿನ ಜೊತೆ ಬಂದು ಹೋಗುವ ಜ್ವರ, ರಾತ್ರಿ ಬೆವರು ಇದ್ದು, ಕುರಿಯ ಹೆರಿಗೆ ಮಾಡಿಸಿದ್ದರೆ, ಕಂದು ಹಾಕಿದ (ಗರ್ಭಪಾತವಾದ) ಕುರಿಯನ್ನು ಬರಿಗೈಲಿ ಮುಟ್ಟಿದ್ದರೆ ಅಥವಾ ಕಾಯಿಸದ ಹಾಲು ಕುಡಿದಿದ್ದರೆ ಅದು ಜಾನುವಾರುಗಳಿಂದ ಮನುಷ್ಯರಿಗೆ ಅಂಟುವ ಬ್ರುಸೆಲ್ಲೋಸಿಸ್ ಎಂಬ ಸೋಂಕು ಆಗಿರಬಹುದು. ಬೆನ್ನುಮೂಳೆಯ ಕ್ಷಯವೂ ಹೀಗೇ ಸದ್ದಿಲ್ಲದೆ ಬರುತ್ತದೆ, ತೂಕ ಇಳಿಯುತ್ತದೆ. ಎರಡಕ್ಕೂ ಔಷಧಿಯಿದೆ, ಪರೀಕ್ಷೆ ಮಾಡಿಸಬೇಕು ಅಷ್ಟೇ. ಇನ್ನೊಂದು ನೀರಿನದು. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಭಾಗದ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಅಂತ ನಮ್ಮ ದೇಶದ ಮಾನದಂಡ. ವರ್ಷಾನುಗಟ್ಟಲೆ ಅದಕ್ಕಿಂತ ಹೆಚ್ಚಿನದನ್ನು ಕುಡಿದರೆ ಬೆನ್ನು, ಕೀಲು ಸೆಟೆದುಕೊಳ್ಳಬಹುದು. ಮನೆಮಂದಿಯ ಹಲ್ಲಿನಲ್ಲಿ ಕಂದು ಪಟ್ಟೆಗಳಿದ್ದು, ಅಕ್ಕಪಕ್ಕದವರಿಗೂ ಬೆನ್ನು ಬಗ್ಗುವುದಿಲ್ಲ ಅಂದರೆ ಮೊದಲು ನೀರು ಪರೀಕ್ಷೆ ಮಾಡಿಸಿ. ನೀರು ಬದಲಾಗದೆ ಎಷ್ಟು ಎಣ್ಣೆ ಸುರಿದರೂ ಆ ನೋವು ಜಗ್ಗುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂಳೆ ಟೊಳ್ಳಾದ ವಯಸ್ಸಾದವರು, ತುಂಬಾ ದಿನ ಸ್ಟೆರಾಯ್ಡ್ ತೆಗೆದುಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಜ್ವರ, ಹುಣ್ಣು, ಕಜ್ಜಿ, ಹೊಸ ಪೆಟ್ಟು ಇದ್ದರೆ ಆ ದಿನ ಬೇಡ. ಉಬ್ಬಿದ ರಕ್ತನಾಳಗಳ ಮೇಲೆ ಯಾವತ್ತೂ ಬೇಡ.

## 2ನೇ ಹಂತ: ನೋವನ್ನು ಪುಸ್ತಕದಲ್ಲಿ ಬರೆಯಿರಿ

ಹಳೆಯ ಡೈರಿ ಸಾಕು. ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯಲಾಗದ್ದು. ಇವತ್ತು ಎಷ್ಟು ಅಂತ ಬರೆಯಿರಿ. ಅದರ ಪಕ್ಕದಲ್ಲಿ ನೋವಿನಿಂದ ನಿಂತುಹೋಗಿರುವ ಒಂದು ಕೆಲಸವನ್ನೂ ಬರೆಯಿರಿ: ತುಂಬಿದ ಕೊಡ ಎತ್ತುವುದು, ನೆಲದಿಂದ ಕೈ ಊರದೆ ಏಳುವುದು, ರಾತ್ರಿ ಎಚ್ಚರವಾಗದೆ ಮಲಗುವುದು. ಆ ಅಡಿಕೆ ಸುಲಿಯುವ ತಾಯಿ ಬರೆಸಿದ್ದು ಹೀಗೆ: "ನೋವು 7. ಅರ್ಧ ತಾಸಿಗಿಂತ ಹೆಚ್ಚು ಕೂತು ಸುಲಿಯಕ್ಕಾಗಲ್ಲ." ಅಂಕಿ ಇಲ್ಲದಿದ್ದರೆ ಆರು ವಾರದ ನಂತರ ಇಳಿದಿದೆಯೋ ಇಲ್ಲವೋ ಅಂತ ಯಾರಿಗೂ ನೆನಪಿರುವುದಿಲ್ಲ.

## 3ನೇ ಹಂತ: ಎಣ್ಣೆ, ಶಾಖ, ಸಾಮಾನು

ಬೇಕಾದದ್ದು ಕಡಿಮೆ: ಒಂದು ಚಾಪೆ, ಅದರ ಮೇಲೆ ದಪ್ಪನೆಯ ಕಂಬಳಿ ಅಥವಾ ಜಮಖಾನ, ಎರಡು ದಿಂಬು, ಹಳೆಯ ಪಂಚೆ, ಎರಡು ಮೂರು ಚಮಚ ಎಣ್ಣೆ. ಉಗುರು ಕತ್ತರಿಸಿರಬೇಕು. ಉಂಗುರ, ಬಳೆ ತೆಗೆದಿಡಿ.

ಯಾವ ಎಣ್ಣೆ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಎಣ್ಣೆ ಮೂಳೆಗೆ ಇಳಿಯುವುದಿಲ್ಲ. ಚರ್ಮದ ಮೇಲೆ ಕೈ ಜಾರಿ ಉರಿಯಾಗದಿರಲಿ ಅಂತ ಅದನ್ನು ಹಚ್ಚುವುದು. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಚಳ್ಳಕೆರೆಯ ಶೇಂಗಾ ಎಣ್ಣೆ, ಯಾವುದಾದರೂ ನಡೆಯುತ್ತದೆ. ಶೇಂಗಾ ತಿಂದರೆ ಅಲರ್ಜಿ ಆಗುವವರಿಗೆ ಆ ಎಣ್ಣೆ ಬೇಡ. ಹರಳೆಣ್ಣೆ ಅಂಟು ಹೆಚ್ಚು, ಹಚ್ಚಲೇಬೇಕೆಂದರೆ ಅರ್ಧಕ್ಕರ್ಧ ಕೊಬ್ಬರಿ ಎಣ್ಣೆ ಬೆರೆಸಿ. ಚಳಿಗಾಲದ ಬೆಳಗ್ಗೆ ಗಟ್ಟಿಯಾದ ಎಣ್ಣೆಯನ್ನು ಒಲೆಯ ಮೇಲೆ ನೇರವಾಗಿ ಇಡುವವರಿದ್ದಾರೆ. ಹಾಗೆ ಮಾಡಬೇಡಿ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಟ್ಟು, ಮುಂಗೈಯ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ.

ಮಸಾಜ್‌ಗೆ ಮೊದಲು ಹತ್ತು ಹದಿನೈದು ನಿಮಿಷ ಬಿಸಿನೀರಿನ ಶಾಖ ಕೊಟ್ಟರೆ ಸ್ನಾಯು ಬೇಗ ಸಡಿಲಾಗುತ್ತದೆ. ಚೀಲ ಮತ್ತು ಚರ್ಮದ ನಡುವೆ ಟವೆಲ್ ಮಡಿಸಿ ಇಡಬೇಕು. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಕೊಡಲೇಬಾರದು, ಸುಟ್ಟ ಗಾಯವಾಗುತ್ತದೆ. ಸಕ್ಕರೆ ಕಾಯಿಲೆಯವರ ಪಾದಕ್ಕಂತೂ ಶಾಖ ಬೇಡವೇ ಬೇಡ. ನಾನು ಓದು ಮುಗಿಸಿದ ಹೊಸದರಲ್ಲಿ ನಮ್ಮಪ್ಪನ ಕಾಲಿಗೆ ಬಿಸಿನೀರಿನ ಚೀಲ ಇಟ್ಟು ಒಳಗೆ ಹೋಗಿದ್ದೆ. ಬಂದು ನೋಡಿದರೆ ಅಂಗಾಲಿನಲ್ಲಿ ರೂಪಾಯಿ ನಾಣ್ಯದಗಲ ಬೊಬ್ಬೆ. ಅವರಿಗೆ ಸುಟ್ಟದ್ದು ಗೊತ್ತೇ ಆಗಿರಲಿಲ್ಲ. ಅದು ಮಾಯಲು ಎರಡು ತಿಂಗಳು ಬೇಕಾಯಿತು. ಅವತ್ತಿನಿಂದ ಯಾರ ಮೈ ಮುಟ್ಟುವ ಮೊದಲೂ ಸಕ್ಕರೆ ಇದೆಯಾ ಅಂತ ಕೇಳುತ್ತೇನೆ.

## 4ನೇ ಹಂತ: ಮಲಗಿಸುವ ರೀತಿ

ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ಒಂದು ತೆಳು ದಿಂಬು, ಕಣಕಾಲಿನ ಕೆಳಗೆ ಇನ್ನೊಂದು. ಹೊಟ್ಟೆ ಕೆಳಗಿನ ದಿಂಬನ್ನು ಮರೆತರೆ ಸೊಂಟ ಒಳಕ್ಕೆ ಬಾಗಿ ಸ್ನಾಯು ಬಿಗಿದೇ ಇರುತ್ತದೆ. ನೀವು ಏನು ತಿಕ್ಕಿದರೂ ಅದು ಬಿಡುವುದಿಲ್ಲ. ಬೋರಲು ಮಲಗಲಾಗದ ಹಿರಿಯರನ್ನು ಪಕ್ಕಕ್ಕೆ ಮಲಗಿಸಿ ಮಂಡಿಗಳ ನಡುವೆ ದಿಂಬು ಇಡಿ. ಊಟವಾಗಿ ಎರಡು ತಾಸಾದರೂ ಕಳೆದಿರಲಿ.

ಮಸಾಜ್ ಮಾಡುವವರ ಬೆನ್ನೂ ಮುಖ್ಯ. ಮಂಚದ ಮೇಲೆ ಮಲಗಿಸಿ, ಪಕ್ಕದಲ್ಲಿ ಬಗ್ಗಿ ನಿಂತು ಮಾಡಿದರೆ ಒಂದು ವಾರದಲ್ಲಿ ಇಬ್ಬರು ರೋಗಿಗಳಾಗುತ್ತೀರಿ. ನೆಲದ ಮೇಲೆ ಅವರ ಪಕ್ಕದಲ್ಲಿ ಮಂಡಿಯೂರಿ, ತೋಳು ನೇರ ಇಟ್ಟುಕೊಂಡು, ಮೈಭಾರವನ್ನು ಮುಂದಕ್ಕೆ ವಾಲಿಸಿ ಮಾಡಿ. ಆಗ ಬಲ ಹೆಬ್ಬೆರಳಿನಿಂದ ಬರುವುದಿಲ್ಲ, ಮೈಯಿಂದ ಬರುತ್ತದೆ.

## 5ನೇ ಹಂತ: ಬೆನ್ನು, ಸೊಂಟದ ಮೇಲೆ ಕೈಯ ಕ್ರಮ

ಒಟ್ಟು ಇಪ್ಪತ್ತರಿಂದ ಮೂವತ್ತು ನಿಮಿಷ. ಕ್ರಮ ತಪ್ಪಿಸಬೇಡಿ.

ಕೈ ಇಡುವುದು (1 ನಿಮಿಷ). ಎಣ್ಣೆಯನ್ನು ನೇರ ಬೆನ್ನಿಗೆ ಸುರಿಯಬೇಡಿ, ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿಕೊಂಡು ಎರಡೂ ಕೈಯನ್ನು ಸೊಂಟದ ಮೇಲೆ ಸುಮ್ಮನೆ ಇಡಿ. ಮೂರು ನಾಲ್ಕು ಉಸಿರಿನಲ್ಲಿ ಬೆನ್ನು ನಿಮ್ಮ ಕೈಗೆ ಒಗ್ಗಿಕೊಳ್ಳುತ್ತದೆ.

ನೀವುವುದು (5 ನಿಮಿಷ). ಬೆನ್ನುಮೂಳೆಯ ಎರಡೂ ಪಕ್ಕ ಉದ್ದಕ್ಕೂ ಹೋಗುವ ಸ್ನಾಯುವಿನ ಮೇಲೆ ಅಂಗೈ ಇಟ್ಟು ಸೊಂಟದಿಂದ ಹೆಗಲಿನವರೆಗೆ ನಿಧಾನ ಏರಿಸಿ, ಪಕ್ಕೆಗಳ ಮೇಲಿಂದ ಹಗುರವಾಗಿ ಇಳಿಸಿ. ಒಂದು ಸುತ್ತಿಗೆ ಐದಾರು ಸೆಕೆಂಡು ಹಿಡಿಯಬೇಕು. ಯುಗಾದಿಯ ಎಣ್ಣೆಸ್ನಾನದಲ್ಲಿ ಮಕ್ಕಳಿಗೆ ಬರಬರನೆ ಉಜ್ಜುವ ವೇಗ ಇಲ್ಲಿ ಬೇಡ.

ನಾದುವುದು (8ರಿಂದ 10 ನಿಮಿಷ). ರೊಟ್ಟಿ ಹಿಟ್ಟು ಮಿದಿಯುವಾಗ ಅಂಗೈ ಬುಡದಿಂದ ತಳ್ಳಿ ಬೆರಳಿನಿಂದ ಎಳೆದುಕೊಳ್ಳುತ್ತೀರಲ್ಲ, ಅದೇ ಚಲನೆ. ಮೂಳೆಯ ಮೇಲಲ್ಲ, ಮೂಳೆಯಿಂದ ಎರಡು ಬೆರಳು ಪಕ್ಕದಲ್ಲಿ. ಸೊಂಟ ನೋಯುವವರಿಗೆ ಪೃಷ್ಠದ ಸ್ನಾಯುಗಳನ್ನೂ ನಾದಬೇಕು. ಮನೆಯವರು ಸಂಕೋಚದಿಂದ ಇದನ್ನು ಬಿಟ್ಟುಬಿಡುತ್ತಾರೆ. ಭತ್ತದ ನಾಟಿ ಮಾಡಿ, ಶೇಂಗಾ ಕಳೆ ತೆಗೆದು ಬಂದವರಲ್ಲಿ ಬಿಗಿತದ ಅರ್ಧ ಭಾಗ ಅಲ್ಲೇ ಇರುವುದನ್ನು ನಾನು ಕಂಡಿದ್ದೇನೆ. ಬಟ್ಟೆಯ ಮೇಲಿಂದಲೇ ಮಾಡಬಹುದು. ಕೆಳಪಕ್ಕೆಯ ಕೆಳಗೆ, ಬೆನ್ನಿನ ಎರಡು ಬದಿಗೆ ಮೂತ್ರಪಿಂಡವಿರುವ ಜಾಗದಲ್ಲಿ ಗುದ್ದುವುದು, ಬಲವಾಗಿ ಒತ್ತುವುದು ಬೇಡ.

ಒತ್ತಿ ಹಿಡಿಯುವುದು (4ರಿಂದ 5 ನಿಮಿಷ). ನಾದುವಾಗ ಕೈಗೆ ಗಟ್ಟಿ ಎಳೆಯಂತೆ ಸಿಕ್ಕಿ, ಒತ್ತಿದರೆ "ಹಾಂ, ಅಲ್ಲೇ" ಅನ್ನುವ ಜಾಗಗಳು ಇರುತ್ತವೆ. ಅಂಥ ಮೂರು ನಾಲ್ಕನ್ನು ಮಾತ್ರ ಆರಿಸಿ. ಹೆಬ್ಬೆರಳ ಮೆತ್ತನೆಯ ಭಾಗವಿಟ್ಟು ನಿಧಾನ ಭಾರ ಬಿಡಿ. ಸೊನ್ನೆಯಿಂದ ಹತ್ತರಲ್ಲಿ ಅವರಿಗೆ ನಾಲ್ಕು ಅನ್ನಿಸುವಷ್ಟು, ಹೆಚ್ಚೆಂದರೆ ಐದು. ಮೂವತ್ತು ಸೆಕೆಂಡು ಹಾಗೇ ಹಿಡಿದರೆ ಅದೇ ಒತ್ತಡದಲ್ಲಿ ನಾಲ್ಕು ಇದ್ದದ್ದು ಎರಡಕ್ಕೆ ಇಳಿಯಬೇಕು. ಇಳಿಯದಿದ್ದರೆ ಬಿಟ್ಟು ಮುಂದೆ ಹೋಗಿ. ಅಲ್ಲೇ ಹಟ ಹಿಡಿದರೆ ಸ್ನಾಯು ಇನ್ನೂ ಬಿಗಿಯುತ್ತದೆ.

ಬಾಯಿ ಮಾತನ್ನು ನಂಬಬೇಡಿ, ಮೈ ನೋಡಿ. ನಮ್ಮವರು "ಇರ್ಲಿ, ಇನ್ನೂ ಒತ್ತು" ಅನ್ನುತ್ತಲೇ ಇರುತ್ತಾರೆ. ಆದರೆ ಉಸಿರು ಕಟ್ಟಿದ್ದರೆ, ಕಾಲ್ಬೆರಳು ಮಡಿಚಿದ್ದರೆ, ಮುಷ್ಟಿ ಬಿಗಿದಿದ್ದರೆ ಒತ್ತಡ ಹೆಚ್ಚಾಗಿದೆ. ಕಾಲಿನ ಕಡೆಗೆ ಕರೆಂಟು ಹೊಡೆದ ಹಾಗೆ ಆದರೆ ಅದು ನರ. ತಕ್ಷಣ ಕೈ ತೆಗೆಯಿರಿ, ಆ ಜಾಗಕ್ಕೆ ಮತ್ತೆ ಹೋಗಬೇಡಿ.

ಮತ್ತೆ ನೀವುವುದು (3 ನಿಮಿಷ). ಶುರು ಮಾಡಿದ ಹಾಗೇ ಮುಗಿಸಿ, ಇನ್ನೂ ಹಗುರವಾಗಿ.

## 6ನೇ ಹಂತ: ಕುತ್ತಿಗೆ ಮತ್ತು ಮಂಡಿಯಾದರೆ

ಕುತ್ತಿಗೆಗೆ ಕುರ್ಚಿಯಲ್ಲಿ ಕೂರಿಸಿ, ಮುಂದಿನ ಟೇಬಲ್ ಮೇಲೆ ದಿಂಬಿಟ್ಟು ಹಣೆ ಊರಿಸಿ. ಹೆಗಲ ಮೇಲ್ಭಾಗದ ಸ್ನಾಯುವನ್ನು ಹೆಬ್ಬೆರಳು ಮತ್ತು ನಾಲ್ಕು ಬೆರಳ ನಡುವೆ ಹಿಡಿದು, ಎತ್ತಿ, ಬಿಡುತ್ತ ಬನ್ನಿ. ತಲೆಬುರುಡೆಯ ಬುಡದವರೆಗೆ ಹೋಗಬಹುದು. ಕತ್ತಿನ ಮುಂಭಾಗ ಮತ್ತು ಪಕ್ಕದಲ್ಲಿ, ನಾಡಿ ಮಿಡಿಯುವಲ್ಲಿ, ಒತ್ತಲೇಬಾರದು. ತಲೆ ಹಿಡಿದು ಟಕ್ಕನೆ ತಿರುಗಿಸಿ ನೆಟಿಗೆ ತೆಗೆಯುವುದನ್ನು ಮನೆಯಲ್ಲೂ ಮಾಡಬೇಡಿ, ಕ್ಷೌರದ ಅಂಗಡಿಯಲ್ಲೂ ಮಾಡಿಸಿಕೊಳ್ಳಬೇಡಿ. ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು.

ಮಂಡಿಯಲ್ಲಿ ಚಿಪ್ಪಿನ ಮೇಲೆ ತಿಕ್ಕಿ ಪ್ರಯೋಜನವಿಲ್ಲ. ತೊಡೆಯ ಮುಂಭಾಗ, ಹಿಂಭಾಗ ಮತ್ತು ಮೀನಖಂಡವನ್ನು ನಾದಿ. ಮಂಡಿಯ ಹಿಂದಿನ ಗುಳಿಯನ್ನು ಬಿಟ್ಟುಬಿಡಿ.

## 7ನೇ ಹಂತ: ಮುಗಿದ ನಂತರದ ಅರ್ಧ ಗಂಟೆ

"ತಿಕ್ಕಿದ ದಿನ ಹಗುರ, ಮರುದಿನ ಅದೇ" ಅನ್ನುವವರು ಬಿಟ್ಟಿರುವುದು ಈ ಹಂತವನ್ನು. ಮಸಾಜ್ ಆದ ಮೇಲೆ ನೋವು ಕಡಿಮೆ ಇರುವ ಒಂದಷ್ಟು ಹೊತ್ತು ಸಿಗುತ್ತದೆ. ಆ ಹೊತ್ತಿನಲ್ಲಿ ಮೈ ಆಡಿಸಿದರೆ, ಈ ಚಲನೆಯಿಂದ ಅಪಾಯವಿಲ್ಲ ಅಂತ ದೇಹ ಕಲಿಯುತ್ತದೆ. ಆಗ ಮಲಗಿಬಿಟ್ಟರೆ ಸಿಕ್ಕ ಲಾಭ ರಾತ್ರಿಯಲ್ಲೇ ಕಳೆದುಹೋಗುತ್ತದೆ.

ಎಬ್ಬಿಸುವಾಗ ಪಕ್ಕಕ್ಕೆ ಹೊರಳಿಸಿ, ಕೈ ಊರಿ ಕೂರಿಸಿ, ಒಂದು ನಿಮಿಷ ಬಿಟ್ಟು ನಿಲ್ಲಿಸಿ. ಬಿ.ಪಿ. ಮಾತ್ರೆ ತಿನ್ನುವವರಿಗೆ ಥಟ್ಟನೆ ಎದ್ದರೆ ತಲೆ ತಿರುಗುತ್ತದೆ. ಅಂಗಾಲು ಮತ್ತು ನೆಲದ ಮೇಲಿನ ಎಣ್ಣೆಯನ್ನು ಒರೆಸಿಯೇ ನಡೆಸಿ. ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡ ಹಿರಿಯರನ್ನು ನೋಡಿದ್ದೇನೆ.

ಸೊಂಟಕ್ಕೆ: ಅಂಗಾತ ಮಲಗಿ ಮಂಡಿ ಮಡಚಿ, ಸೊಂಟವನ್ನು ನೆಲಕ್ಕೆ ಒತ್ತಿ ಐದು ಸೆಕೆಂಡು ಹಿಡಿದು ಬಿಡುವುದು, ಹತ್ತು ಸಲ. ಹಾಗೇ ಪೃಷ್ಠವನ್ನು ಮೇಲೆತ್ತಿ ಇಳಿಸುವುದು, ಎಂಟು ಸಲ. ಹೆಗಲಿಗೆ: ರೆಕ್ಕೆ ಮೂಳೆಗಳನ್ನು ಹಿಂದಕ್ಕೆ ಹತ್ತಿರ ತಂದು ಬಿಡುವುದು, ಹತ್ತು ಸಲ. ಮಂಡಿಗೆ: ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ ಐದು ಸೆಕೆಂಡು ಹಿಡಿಯುವುದು, ಹತ್ತು ಸಲ. ಆಮೇಲೆ ಅಂಗಳದಲ್ಲೋ ಓಣಿಯಲ್ಲೋ ಹತ್ತು ನಿಮಿಷ ನಡಿಗೆ. ಮಸಾಜ್ ಇಲ್ಲದ ದಿನವೂ ಇವು ನಿಲ್ಲಬಾರದು.

## 8ನೇ ಹಂತ: ಎಷ್ಟು ಸಲ, ಎಷ್ಟು ವಾರ, ಯಾವಾಗ ಸಾಕು

ವಾರಕ್ಕೆ ಎರಡು ಸಲ, ಆರು ವಾರ. ದಿನಾ ಬೇಡ, ಸ್ನಾಯುವಿಗೆ ಬಿಡುವು ಬೇಕು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎರಡು ತಾಸು ಮಾಡುವುದರಿಂದ ಏನೂ ಸಿಗುವುದಿಲ್ಲ.

ಮರುದಿನ ವ್ಯಾಯಾಮ ಮಾಡಿದ ಮೇಲಿನ ಮೈಕೈ ನೋವಿನಂಥದ್ದು ಇದ್ದರೆ ಗಾಬರಿ ಬೇಡ, ಒಂದೆರಡು ದಿನದಲ್ಲಿ ಹೋಗುತ್ತದೆ. ಎರಡು ದಿನ ದಾಟಿದರೆ ಮುಂದಿನ ಸಲ ಒತ್ತಡವನ್ನು ಅರ್ಧಕ್ಕೆ ಇಳಿಸಿ. ಕಲೆ ಬಿದ್ದರೆ, ಜೋಮು ಹೊಸದಾಗಿ ಶುರುವಾದರೆ, ನೋವು ಕಾಲಿನಲ್ಲಿ ಇನ್ನೂ ಕೆಳಗೆ ಇಳಿಯುತ್ತ ಹೋದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಮಾಡುತ್ತಿರುವ ಔಷಧಿಯನ್ನು ಮಸಾಜ್ ನಂಬಿ ನೀವೇ ಬಿಡಬೇಡಿ. ಆರು ವಾರದಲ್ಲಿ ಡೈರಿಯ ಅಂಕಿ ಎರಡಾದರೂ ಇಳಿಯದಿದ್ದರೆ, ಬರೆದಿಟ್ಟ ಕೆಲಸ ಸ್ವಲ್ಪವೂ ಸುಲಭವಾಗದಿದ್ದರೆ, ದಾರಿ ಬದಲಿಸಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮೂಳೆ ವೈದ್ಯರನ್ನು ಕಂಡು ನೋವಿನ ಮೂಲ ಹುಡುಕಿಸಿ.

ಹೊರಗೆ ದುಡ್ಡು ಕೊಟ್ಟು ಮಾಡಿಸುವುದಾದರೆ ಮೊದಲ ಹತ್ತು ನಿಮಿಷ ಅವರು ಏನು ಕೇಳುತ್ತಾರೆ ನೋಡಿ. ನಿಮ್ಮ ಮಾತ್ರೆಗಳ ಬಗ್ಗೆ, ಸಕ್ಕರೆಯ ಬಗ್ಗೆ, ಹಳೆಯ ಪೆಟ್ಟಿನ ಬಗ್ಗೆ ಕೇಳದೆ ನೇರ ಮಲಗಲು ಹೇಳಿದರೆ ಎದ್ದು ಬನ್ನಿ. "ಮೂರೇ ಸಲಕ್ಕೆ ಡಿಸ್ಕ್ ಕೂರಿಸಿಬಿಡ್ತೀನಿ" ಅಂದರೂ ಅಷ್ಟೇ.

ಆ ಅಡಿಕೆ ಸುಲಿಯುವ ತಾಯಿಯ ಡೈರಿಯಲ್ಲಿ ಆರನೇ ವಾರಕ್ಕೆ 7 ಇದ್ದದ್ದು 4 ಆಯಿತು. ಒಂದೂವರೆ ತಾಸು ಕೂತು ಸುಲಿಯತೊಡಗಿದರು. ಸುಗ್ಗಿ ಜೋರಾದಾಗ ಮತ್ತೆ 6ಕ್ಕೆ ಏರಿತು. ಆಗ ಮಸಾಜ್ ಹೆಚ್ಚಿಸಲಿಲ್ಲ. ಕೂರುವ ಮಣೆಯ ಕೆಳಗೆ ಇನ್ನೊಂದು ಹಲಗೆ ಇಟ್ಟು ಒಂದು ಗೇಣು ಎತ್ತರ ಮಾಡಿದೆವು, ಅರ್ಧ ತಾಸಿಗೊಮ್ಮೆ ಎದ್ದು ಕೈ ಮೇಲೆತ್ತಿ ಮೈ ಮುರಿಯಬೇಕು ಅಂತ ಗೊತ್ತು ಮಾಡಿದೆವು. ಮಗ ಈಗಲೂ ಬುಧವಾರ, ಭಾನುವಾರ ಬೆನ್ನು ನೀವುತ್ತಾನೆ, ಬರೀ ಅಂಗೈಯಲ್ಲಿ.